ಇನ್ನೂ ಬಗ್ತದ, ಬಗ್ಗು

ಮುರಿಗೆಪ್ಪ ಮಾಸ್ತರನ ಡ್ರಿಲ್ ಪಿರಿಯಡ್ಡು ಇದ್ದ ದಿನ ಹೊಟ್ಟೆನೋವು ಎಂದು ಮನೆಯಲ್ಲೇ ಮಲಗುವ ಮಕ್ಕಳು ಮುಂಬಯಿ ಜೋಗೇಶ್ವರಿಯ ಆ ಕನ್ನಡ ಶಾಲೆಯಲ್ಲಿ ಒಬ್ಬಿಬ್ಬರಲ್ಲ. ಮಲಗಿದವರಿಗೆ ಮರುದಿನ ಬೆತ್ತ ತಪ್ಪುತ್ತಿರಲಿಲ್ಲ. ಬಂದವರಿಗೂ ತಪ್ಪುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಅವನು ವಿಜಾಪುರದ ಇಂಡಿ ಕಡೆಯವನು. ಗರಡಿಯಲ್ಲಿ ಬೆಳೆದ ಮೈ. ಒಂಬತ್ತನೆಯ ವಯಸ್ಸಿಗೆ ಸೋದರಮಾವ ಅವನನ್ನು ಗೋಡೆಗೆ ಆನಿಸಿ ಕೂರಿಸಿ, ಕಾಲುಗಳನ್ನು ಎರಡು ಕಡೆ ಅಗಲಿಸಿ, ತೊಡೆಗಳ ಮೇಲೆ ಹತ್ತಿ ನಿಂತಿದ್ದ. ಹುಡುಗ ಎಚ್ಚರ ತಪ್ಪಿದ. ಮಾವ ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಹತ್ತಿ ನಿಂತ. ಒಂದೂವರೆ ತಿಂಗಳಲ್ಲಿ ಮುರಿಗೆಪ್ಪನ ಕಾಲುಗಳು ನೆಲಕ್ಕೆ ಸಪಾಟಾಗಿ ಹರಡಿಕೊಂಡವು. ಊರವರು ಚಪ್ಪಾಳೆ ಹೊಡೆದರು. ಅಂದಿನಿಂದ ಅವನಿಗೆ ಒಂದು ಮಾತು ಖಾತ್ರಿಯಾಯಿತು: ಅಳು ಮುಗಿದ ಮೇಲೆಯೇ ಮೈ ಹೇಳಿದ ಮಾತು ಕೇಳುತ್ತದೆ. ಮುಂದೆ ದೈಹಿಕ ಶಿಕ್ಷಣದ ಸರ್ಟಿಫಿಕೇಟು ತೆಗೆದುಕೊಂಡು ಮುಂಬಯಿಗೆ ಬಂದಾಗಲೂ ಅವನು ತಂದದ್ದು ಆ ಒಂದೇ ಪಾಠ.

೧೯೭೨ರ ಡಿಸೆಂಬರಿನಲ್ಲಿ ಶಾಲೆಗೆ ಇನ್‌ಸ್ಪೆಕ್ಷನ್ ಬರುವುದಿತ್ತು. ಮುಖ್ಯೋಪಾಧ್ಯಾಯಿನಿ ಇಂದ್ರಾಬಾಯಿಯವರು ಅವನನ್ನು ಕರೆದು, "ಮೂವತ್ತು ಮಕ್ಕಳು ಸಾಲಾಗಿ ಕಾಲ ಅಗಲಿಸಿ ಕುಂತು ಒಮ್ಮೆಲೇ ಹಣಿ ನೆಲಕ್ಕ ಹಚ್ಚಬೇಕ್ರೀ ಮಾಸ್ತರ್ರ. ನೋಡಾಕ ಭಾಳ ಛಂದ ಕಾಣ್ತದ" ಎಂದಿದ್ದರು. ಇಪ್ಪತ್ತೊಂಬತ್ತು ಹಣೆಗಳು ಹೇಗೋ ನೆಲ ಮುಟ್ಟಿದವು. ಉಳಿದದ್ದು ನೂರಜಹಾನಳದು.

ನೂರಜಹಾನಳಿಗೆ ಹನ್ನೊಂದು ವರ್ಷ. ಓಟಕ್ಕೆ ನಿಂತರೆ ಏಳನೆಯ ಇಯತ್ತೆಯ ಗಂಡುಹುಡುಗರನ್ನೂ ಹಿಂದೆ ಹಾಕುವಳು. ಆದರೆ ಓಡುವವರ ಕಾಲು ಹೇಗಿರುತ್ತವೋ ಹಾಗೆಯೇ ಅವಳ ತೊಡೆಯ ಹಿಂದಿನ ನರ ಬಿಗಿ. ಕಾಲು ಚಾಚಿ ಕುಳಿತರೆ ಕೈ ಮೊಣಕಾಲು ದಾಟುತ್ತಿರಲಿಲ್ಲ. ಮೂರು ದಿನ ಮುರಿಗೆಪ್ಪ ಅವಳ ಬೆನ್ನಿಗೆ ಬೆತ್ತದಿಂದ ಬಾರಿಸಿದ. ನಾಲ್ಕನೆಯ ದಿನ, ಗುರುವಾರ, ಬೆಳಿಗ್ಗೆ ಏಳು ಗಂಟೆ. ಸಿಮೆಂಟಿನ ಅಂಗಳ ಮಂಜಿನಂತೆ ತಣ್ಣಗಿತ್ತು. ಮಕ್ಕಳು ಹಾಸಿಗೆಯಿಂದ ಎದ್ದು ನೇರ ಬಂದವರು. ಒಂದು ಸುತ್ತು ಓಡಿಸಿ ಮೈ ಬಿಸಿ ಮಾಡಿಸುವುದಕ್ಕೂ ಅವನಿಗೆ ವ್ಯವಧಾನವಿರಲಿಲ್ಲ.

"ನೀವಿಬ್ಬರೂ ಬರ್ರಿ" ಎಂದು ಇಬ್ಬರು ಹುಡುಗರನ್ನು ಕರೆದ. "ಒಬ್ಬೊಬ್ಬಾಂವ ಒಂದೊಂದ ಕಾಲ ಹಿಡೀರಿ. ಬಿಟ್ಟೀರಿ ಅಂದ್ರ ನಿಮ್ಮ ಚರ್ಮ ಸುಲೀತೀನಿ."

"ಸರ, ನೋಯ್ತದ ಸರ" ಎಂದಳು ಹುಡುಗಿ.

"ನಾಟಕ ಮಾಡಬ್ಯಾಡ. ಇನ್ನೂ ಬಗ್ತದ, ಬಗ್ಗು."

ಅವನು ಅವಳ ನಡುಬೆನ್ನಿಗೆ ಮೊಣಕಾಲು ಊರಿದ. ಅವಳು ಮತ್ತೊಮ್ಮೆ ನೋಯುತ್ತದೆ ಎಂದಳು. ಅವನು ಇನ್ನಷ್ಟು ಭಾರ ಬಿಟ್ಟ. ಮೂರನೆಯ ಸಲ ಅವಳ ಬಾಯಿಂದ ಮಾತು ಪೂರ್ತಿ ಹೊರಡುವ ಮೊದಲೇ ಹಸಿಯ ಕೊಂಬೆ ಮುರಿದ ಹಾಗೆ ಒಂದು ಸಪ್ಪಳವಾಯಿತು. ಕಾಲು ಹಿಡಿದಿದ್ದ ಹುಡುಗರು ಕೈಬಿಟ್ಟು ಹಿಂದಕ್ಕೆ ಹಾರಿದರು. ನೂರಜಹಾನ ಕಿರುಚಿದ ಸದ್ದಿಗೆ ಎದುರಿನ ಬಿಲ್ಡಿಂಗಿನ ಕಿಟಕಿಗಳು ತೆರೆದುಕೊಂಡವು.

ಮುರಿಗೆಪ್ಪ ಅವಳ ಕೆನ್ನೆಗೆ ಒಂದು ಏಟು ಹಾಕಿ, "ಏಳು ಮ್ಯಾಲ!" ಎಂದ. ಅವಳು ಏಳಲಿಲ್ಲ. ಸಿಮೆಂಟಿನ ಮೇಲೆ ಮಗ್ಗುಲಾಗಿ ಬಿದ್ದು ಉಸಿರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದಳು. ಇಂದ್ರಾಬಾಯಿ ಓಡಿ ಬಂದರು. ಚಪರಾಶಿ ಹುಡುಗಿಯನ್ನು ಎತ್ತಿಕೊಂಡು ಹೊರಟ. ಮುರಿಗೆಪ್ಪ ಹಣೆಯ ಬೆವರು ಒರೆಸಿಕೊಂಡು, ಉಳಿದ ಇಪ್ಪತ್ತೊಂಬತ್ತು ಮಕ್ಕಳ ಕಡೆ ತಿರುಗಿ, "ಏನ್ ನೋಡ್ತೀರಿ? ಒಂದ್... ಎರಡ್..." ಎಂದು ಡ್ರಿಲ್ ಮುಂದುವರಿಸಿದ.

ಅದೇ ಸಂಜೆ ಐದೂವರೆಗೆ ಅವನು ಸ್ಟೇಷನ್ನಿನ ಕಡೆಯ ಗಲ್ಲಿಯಲ್ಲಿ ಬರುತ್ತಿದ್ದಾಗ ಒಬ್ಬ ಸಣಕಲ ಮನುಷ್ಯ ಎದುರು ನಿಂತ. ಎಣ್ಣೆ ಮೆತ್ತಿದ ಖಾಕಿ ಅಂಗಿ, ಎಡಗೈಯಲ್ಲಿ ಎರಡು ಬೆರಳಿಲ್ಲ. ತಗಡಿನ ಡಬ್ಬಿ ಮಾಡುವ ಕಾರಖಾನೆಯಲ್ಲಿ ಪ್ರೆಸ್ ಮಶೀನು ನಡೆಸುವ ಗನಿಸಾಬ, ನೂರಜಹಾನಳ ತಂದೆ. ವಿಜಾಪುರದವನು.

"ನನ್ನ ಮಗಳ ಕಾಲ ಎಷ್ಟ ಬಗ್ತಾವ ಅಂತ ನಿನಗ ಯಾರ ಹೇಳಿದ್ರೋ ಮಾಸ್ತರಾ?"

ಮುರಿಗೆಪ್ಪ ನಕ್ಕುಬಿಟ್ಟ. "ಹೋಗ್ ಹೋಗೋ ಸಾಬ. ಒಂದೀಟ ಎಣ್ಣಿ ತಿಕ್ಕು, ನಾಳೆ ಓಡಾಡ್ತಾಳ. ಭಾಳ ನಾಟಕದಾಕಿ ನಿನ್ನ ಮಗಳು."

ಗನಿಸಾಬನ ತಲೆ ಬಂದು ಅವನ ಮೂಗಿಗೆ ಅಪ್ಪಳಿಸಿತು. ಗರಡಿಯ ಯಾವ ಪಟ್ಟಿನಲ್ಲೂ ಇಲ್ಲದ ಹೊಡೆತ ಅದು. ಕಣ್ಣಿಗೆ ಕತ್ತಲೆ ಕಟ್ಟಿ ಮುರಿಗೆಪ್ಪ ಬೋರಲಾಗಿ ಬಿದ್ದ. ಮೂಗಿನ ರಕ್ತ ಗಂಟಲಿಗಿಳಿಯಿತು. ಏಳಬೇಕೆನ್ನುವಷ್ಟರಲ್ಲಿ ನಡುಬೆನ್ನಿನ ಮೇಲೆ ಒಂದು ಮೊಣಕಾಲು ಕೂತಿತು. ಬಲಗೈ ಹಿಂದಕ್ಕೆ ತಿರುಚಿಕೊಂಡು ಹೆಗಲಿನ ಕಡೆಗೆ ಏರತೊಡಗಿತು.

"ಇನ್ನೂ ಬಗ್ತದ" ಎಂದ ಗನಿಸಾಬ ಅವನ ಕಿವಿಯ ಹತ್ತಿರ. ಅವನ ದನಿ ಅಳುವಿನಿಂದ ಒಡೆದಿತ್ತು. "ಬಗ್ಗು. ಹಿಂಗ ಅಂದೀ ಅಲ್ಲ ನನ್ನ ಕೂಸಿಗೆ? ಮೇರೀ ಬಚ್ಚೀಕೋ ಹಿಂಗ ಅಂದೀ ಅಲ್ಲ? ಇನ್ನೂ ಬಗ್ತದ."

"ಬಿಡೋ... ಮುರೀತದ ಬಿಡೋ..."

"ನಾಟಕ ಮಾಡಬ್ಯಾಡ ಮಾಸ್ತರಾ."

ಹೆಗಲಿನೊಳಗೆ ಏನೋ ತನ್ನ ಜಾಗ ಬಿಟ್ಟು ಜಾರಿತು. ಆಮೇಲೆ ಎಲುಬು ಬಿರಿಯಿತು. ಮುರಿಗೆಪ್ಪ ತನ್ನದೇ ಕಿರುಚಾಟ ಕೇಳುತ್ತ ರಸ್ತೆಯ ಧೂಳು ಕಚ್ಚಿದ. ಸುತ್ತ ನೆರೆದ ಜನ ಗನಿಸಾಬನನ್ನು ಎಳೆದು ಬಿಡಿಸುವ ಹೊತ್ತಿಗೆ ಮುರಿಗೆಪ್ಪನ ಕೈ ಹರಿದ ಅಂಗಿಯ ತೋಳಿನಂತೆ ಜೋತಾಡುತ್ತಿತ್ತು.

ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅವನು ಪೊಲೀಸರಿಗೆ ಹೇಳಿಕೆ ಕೊಟ್ಟ. ದಾರಿಯಲ್ಲಿ ಸುಮ್ಮನೆ ಹೋಗುವವನನ್ನು ಗನಿಸಾಬ ಹಿಡಿದು ಹೊಡೆದ ಎಂದ. ಹುಡುಗಿಯ ಸುದ್ದಿ ಎತ್ತಲಿಲ್ಲ. ಎರಡು ದಿನ ಬಿಟ್ಟು ಒಬ್ಬ ಹವಾಲ್ದಾರ ಬಂದು, ಗನಿಸಾಬನನ್ನು ಠಾಣೆಯಲ್ಲಿ ಕೆಡವಿ ಪಾದಗಳಿಗೆ ಲಾಠಿಯಿಂದ ಬಡಿದ ಬಗೆಯನ್ನು ವರ್ಣಿಸಿದ. "ಏಕ್ ಮಹೀನಾ ಚಪ್ಪಲ್ ನಹೀ ಪೆಹನೇಗಾ, ಮಾಸ್ಟರ್" ಎಂದು, ಒಂದು ತಿಂಗಳು ಅವನು ಚಪ್ಪಲಿ ಮೆಟ್ಟಲಾರನೆಂದು ನಕ್ಕ. ಆ ರಾತ್ರಿ ಮುರಿಗೆಪ್ಪನಿಗೆ ಸುಖವಾಗಿ ನಿದ್ದೆ ಬಂತು.

ತೋಳನ್ನು ಎದೆಗೆ ಕಟ್ಟಿ ಮನೆಗೆ ಕಳಿಸಿದರು. ಚಾಳಿನ ಒಂದೇ ಖೋಲಿ. ಹೆಂಡತಿ ಕಾಶವ್ವ ಊಟ ಮಾಡಿಸುವಳು, ಮೈ ಒರೆಸುವಳು. ಒಂದು ಮಧ್ಯಾಹ್ನ ಅವಳು ಹೊರಗಿನಿಂದ ಬಂದು, ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು: "ಬೀಬೀಜಾನಳ ಮನಿಗೆ ಹೋಗಿದ್ದೆ. ಆ ಹುಡುಗಿ ತಾಯಿ. ಆ ಕೂಸು ಬೋರಲ ಮಲಗೇದ್ರೀ. ಕುಂದ್ರಾಕ ಬರೂದಿಲ್ಲ. ತೊಡಿ ಹಿಂದಿನ ಸ್ನಾಯು ಎಲುಬಿನ ಚೂರ ಕಿತ್ಕೊಂಡ ಬಂದದಂತ. ಪೂರ್ತಿ ತೊಡಿ ಕರ್ರಗ ಆಗೇದ."

"ನಿನಗ ಯಾರ ಹೋಗಂದ್ರು?"

"ಯಾರೂ ಅನ್ನಲಿಲ್ಲ. ನಾನ ಹ್ವಾದೆ."

ಎಡಗೈಗೆ ಸಿಕ್ಕ ಹಿತ್ತಾಳೆಯ ತಂಬಿಗೆಯನ್ನು ಅವನು ಬೀಸಿ ಒಗೆದ. ಅದು ಕಾಶವ್ವನ ಹುಬ್ಬಿಗೆ ಬಡಿದು ಗೋಡೆಗೆ ಹೋಗಿ ಬಿತ್ತು. ರಕ್ತ ಕಣ್ಣಿನ ಮೇಲೆ ಇಳಿಯಿತು. ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಕೈ ಮಾಡಿದ್ದು ಅದೇ ಮೊದಲಲ್ಲ. ಆದರೆ ಪ್ರತಿ ಸಲದ ಹಾಗೆ ಅವಳು ಮೂಲೆ ಹಿಡಿದು ಕೂಡಲಿಲ್ಲ. ಒದ್ದೆ ಬಟ್ಟೆಯಿಂದ ಮುಖ ಒರೆಸಿಕೊಂಡು, ಎರಡು ಸೀರೆ ಚೀಲಕ್ಕೆ ತುಂಬಿದಳು.

"ಒಂದ ಕೈ ಮುರದ್ರೂ ಇನ್ನೊಂದ ಕೈಗೆ ಬುದ್ಧಿ ಬರಲಿಲ್ಲ ನಿಮಗ" ಎಂದಳು. ದಹಿಸರದಲ್ಲಿದ್ದ ಅಕ್ಕ ಚನ್ನವ್ವನ ಮನೆಗೆ ಹೊರಟುಹೋದಳು.

ನಾಲ್ಕು ವಾರ ಕಳೆದು ತೋಳಿನ ಕಟ್ಟು ಬಿಚ್ಚಿದರು. ತೋಳು ಎದೆಯ ಮಟ್ಟಕ್ಕಿಂತ ಮೇಲೆ ಏಳಲೊಲ್ಲದು. ತಲೆ ಬಾಚಿಕೊಳ್ಳಲಾಗದು, ಅಂಗಿ ಹಾಕಿಕೊಳ್ಳಲಾಗದು. ಮೆಲ್ಲಗೆ ವ್ಯಾಯಾಮ ಮಾಡಿಸಬೇಕು, ನಾಳೆಯಿಂದ ಬನ್ನಿ ಎಂದರು ಡಾಕ್ಟರು. ಮೆಲ್ಲಗೆ ಎನ್ನುವ ಮಾತು ಅವನ ಮೈಗೆ ಒಗ್ಗುವಂಥದ್ದಲ್ಲ. ಅವನು ಖೋಲಿಯ ಬಾಗಿಲು ಹಾಕಿಕೊಂಡ. ಸ್ಟೂಲು ಹತ್ತಿ, ಸಾಮಾನು ಇಡುವ ಅಟ್ಟದ ತೊಲೆಗೆ ಹಗ್ಗ ಬಿಗಿದು, ಅದರ ತುದಿಯನ್ನು ಬಲಗೈಯ ಮಣಿಕಟ್ಟಿಗೆ ಗಂಟು ಹಾಕಿದ. ಮೈಭಾರಕ್ಕೆ ತೋಳು ಮೇಲೇಳಲಿ ಎಂದು, ಹಲ್ಲು ಕಚ್ಚಿ, ಕಾಲ ಕೆಳಗಿನ ಸ್ಟೂಲನ್ನು ಒದ್ದ.

ಅಕ್ಕಪಕ್ಕದವರು ಬಾಗಿಲು ಮುರಿದು ಒಳಬಂದಾಗ ಅವನು ತೊಲೆಗೆ ನೇತಾಡುತ್ತ ಎಚ್ಚರ ತಪ್ಪಿದ್ದ. ಹೆಗಲು ಮತ್ತೆ ಕೀಲು ಬಿಟ್ಟಿತ್ತು. ಮತ್ತೆ ಮೂರು ವಾರದ ಕಟ್ಟು.

ಆಮೇಲೆ ಅವನು ಶೀಲಾವತಿಯವರ ಕೈಗೆ ಸಿಕ್ಕ. ಆಸ್ಪತ್ರೆಯ ಕೆಳಮಹಡಿಯ ಉದ್ದನೆಯ ಕೋಣೆಯಲ್ಲಿ ಮುರಿದವರಿಗೆ, ಸೆಟೆದವರಿಗೆ ಅಂಗಸಾಧನೆ ಮಾಡಿಸುವ ಹೆಂಗಸು. ಮಂಗಳೂರಿನವರು, ಐವತ್ತರ ಆಸುಪಾಸು, ಬಿಳಿ ಕೋಟು.

"ಎಂತ ಮಾಡಿದ್ದು ಮಾರಾಯ್ರೇ ನೀವು? ಕೈಯನ್ನು ಬಾವಿಹಗ್ಗ ಅಂತ ಎಣಿಸಿದ್ರಾ?"

"ನೋಯಿಸಲಾರದ ಯಾವ ಮೈನೂ ಬಗ್ಗೂದಿಲ್ಲ ಬಾಯಾರ. ನಾ ಗರಡಿಯಾಂವ. ಇಪ್ಪತ್ತ ವರ್ಷದಿಂದ ಮಕ್ಕಳನ್ನ ಬಗ್ಗಿಸೀನಿ."

ಶೀಲಾವತಿ ಒಮ್ಮೆ ಅವನ ಮುಖ ನೋಡಿದರು. ಬಿಸಿನೀರಲ್ಲಿ ಅದ್ದಿದ ದಪ್ಪ ಬಟ್ಟೆಯನ್ನು ಹಿಂಡಿ ಅವನ ಹೆಗಲಿಗೆ ಸುತ್ತಿ ಕಾಲು ಗಂಟೆ ಕೂರಿಸಿದರು. ಆಮೇಲೆ ಅವನ ಮಣಿಕಟ್ಟು ಹಿಡಿದು, ಇಷ್ಟಿಷ್ಟೇ ಎತ್ತುತ್ತ ಹೋಗಿ ಒಂದು ಕಡೆ ನಿಂತರು.

"ಈಗ ಎಂತ ಆಗ್ತದೆ?"

"ಎಳೀತದ."

"ನೋವು?"

"ಇಲ್ಲ. ಎಳೀತದ ಅಷ್ಟ."

"ಹಾಂ, ಇಲ್ಲಿಯೇ ನಿಲ್ಲಬೇಕು. ಉಸಿರು ಹಿಡೀಬೇಡಿ, ಬಿಡಿ. ಇಪ್ಪತ್ತು ಎಣಿಸಿ." ಅವನು ಎಣಿಸಿದ. "ಗಕ್ಕನೆ ಎಳೆದ್ರೆ ಸ್ನಾಯು ಹೆದರಿ ಗಟ್ಟಿ ಆಗ್ತದೆ. ನಿಮ್ಮನ್ನು ಉಳಿಸ್ಲಿಕ್ಕೇ ಅದು ಹಾಗೆ ಮಾಡುವುದು. ಅದರ ಮೇಲೆಯೂ ನೀವು ಜೋರು ಮಾಡಿದ್ರೆ ಅದಕ್ಕೆ ಹರಿಯುವುದು ಬಿಟ್ಟು ಬೇರೆ ದಾರಿ ಉಂಟಾ? ಮಕ್ಕಳ ಎಲುಬು ಇನ್ನೂ ಎಳತು. ಅವಕ್ಕೆ ಸ್ನಾಯು ಹರಿಯುವ ಮೊದಲು ಎಲುಬೇ ಕಿತ್ತು ಬರ್ತದೆ."

ಅವರು ಅವನ ತೋಳನ್ನು ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ ಕೇಳಿದರು: "ನಿಮಗೆ ಕಲಿಸಿದವರು ಈಗ ಹೇಗಿದ್ದಾರೆ?"

ಮಾವ ನಲವತ್ತೈದಕ್ಕೇ ಕುಕ್ಕರಗಾಲಲ್ಲಿ ಕೂಡಲಾಗದೆ, ಎರಡು ಕೋಲು ಹಿಡಿದು ಬಯಲಿಗೆ ಹೋಗುತ್ತಿದ್ದ. ಅದನ್ನು ಮುರಿಗೆಪ್ಪ ಕಣ್ಣಾರೆ ಕಂಡಿದ್ದ. ತನ್ನ ಸೊಂಟವೂ ಚಳಿಗಾಲದಲ್ಲಿ ಹಿಡಿದುಕೊಂಡು, ಯಾರಿಗೂ ಕಾಣದ ಹಾಗೆ ಗೋಡೆ ಹಿಡಿದು ಏಳುತ್ತಿದ್ದದ್ದು ಅವನಿಗೆ ಗೊತ್ತಿತ್ತು. "ಆರಾಮ ಇದ್ದಾರ" ಎಂದು ಸುಳ್ಳು ಹೇಳಿದ.

ಹತ್ತು ದಿನ ಹೀಗೆ ನಡೆಯಿತು. ತೋಳು ದಿನಕ್ಕೆ ಒಂದು ಬೆರಳಿನಷ್ಟು ಮೇಲೇರತೊಡಗಿತು. ಹನ್ನೊಂದನೆಯ ದಿನ ಅವನು ಗೋಡೆಗೆ ಬೆರಳು ಊರಿ ಎಣಿಸುತ್ತ ನಿಂತಿದ್ದಾಗ ಬಾಗಿಲಲ್ಲಿ ಬೀಬೀಜಾನ ಕಾಣಿಸಿಕೊಂಡಳು. ಅವಳ ಹಿಂದೆ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ನೂರಜಹಾನ.

ಹುಡುಗಿ ಅವನನ್ನು ನೋಡಿದಳು. ಕ್ಷಣ ಹೊತ್ತು ನಿಂತಳು. ಆಮೇಲೆ ಕುಂಟುತ್ತ ನೇರ ಅವನ ಬಳಿ ಬಂದು, ಊರುಗೋಲನ್ನು ಎರಡೂ ಕೈಯಿಂದ ಎತ್ತಿ ಅವನ ಬಲಹೆಗಲಿಗೆ ಹೊಡೆದಳು. ಮುರಿಗೆಪ್ಪ ಚೀರಿ ಮೊಣಕಾಲೂರಿದ. ಅವಳು ಇನ್ನೊಮ್ಮೆ ಹೊಡೆದಳು. ಇನ್ನೂ ಒಮ್ಮೆ. ಕೋಲು ಎತ್ತುವ ಜೋರಿಗೆ ತಾನೇ ತೂಕ ತಪ್ಪಿ ನೆಲಕ್ಕೆ ಬಿದ್ದಳು.

ಅವನ ಎಡಗೈ ಮೇಲೆದ್ದಿತು. ಅವನು ಯೋಚಿಸಿ ಎತ್ತಿದ್ದಲ್ಲ. ಅಂಗೈ ಬಿಚ್ಚಿ, ಹೆಗಲಿನ ಹಿಂದಕ್ಕೆ ಹೋಗಿ, ಬೀಸಲು ಸಿದ್ಧವಾಗಿ ನಿಂತಿತು. ಕೋಣೆಯಲ್ಲಿದ್ದ ಎಲ್ಲರೂ ಆ ಕೈಯನ್ನು ನೋಡಿದರು. ಬೀಬೀಜಾನ ಮಗಳ ಮೇಲೆ ಬಿದ್ದು ತಬ್ಬಿಕೊಂಡಳು. ನೂರಜಹಾನ ಕಣ್ಣು ಮುಚ್ಚಲಿಲ್ಲ. ಆದರೆ ಅವಳ ಕುತ್ತಿಗೆ ಹೆಗಲೊಳಗೆ ಸೇರಿಹೋಗಿತ್ತು, ಮೈಯೆಲ್ಲ ಕಲ್ಲಾಗಿತ್ತು. ಆ ಮೈಯನ್ನು ಅವನು ಎಷ್ಟು ಸಲ ನೋಡಿದ್ದ! ಬೆತ್ತ ಹಿಡಿದು ಅಂಗಳಕ್ಕೆ ಬಂದಾಗಲೆಲ್ಲ ಸಾಲುಸಾಲು ಮಕ್ಕಳು ಹೀಗೇ ಸೆಟೆದು ನಿಂತಿರುತ್ತಿದ್ದರು. ಅದನ್ನೇ ಅವನು ಶಿಸ್ತು ಎಂದುಕೊಂಡಿದ್ದ.

ಕೈ ಕೆಳಗಿಳಿಯಿತು. ಅವನು ನೆಲದ ಮೇಲೆಯೇ ಕುಳಿತುಬಿಟ್ಟ.

"ನಾ ಮೂರ ಸಲ ಹೇಳಿದ್ನಿ" ಎಂದಳು ನೂರಜಹಾನ, ತಾಯಿಯ ತೋಳಿನ ಕೆಳಗಿನಿಂದ. "ನೋಯ್ತದ ಸರ ಅಂತ ಮೂರ ಸಲ ಹೇಳಿದ್ನಿ. ನಮ್ಮ ಅಬ್ಬಾಗ ಈಗ ನೆಟ್ಟಗ ನಡಿಯಾಕ ಬರೂದಿಲ್ಲ. ಮಶೀನಿನ ಮುಂದ ನಿಂದ್ರಾಕ ಬರೂದಿಲ್ಲ."

ಶೀಲಾವತಿ ಹುಡುಗಿಯನ್ನು ಎತ್ತಿ ಒಳಗೆ ಕರೆದೊಯ್ದರು. ಅವನ ಕಡೆ ತಿರುಗಿಯೂ ನೋಡಲಿಲ್ಲ.

ಏಪ್ರಿಲಿನಲ್ಲಿ ಅಂಧೇರಿಯ ಕೋರ್ಟಿನಲ್ಲಿ ಗನಿಸಾಬನ ಮೇಲಿನ ಕೇಸು ವಿಚಾರಣೆಗೆ ಬಂತು. ಏನು ಹೇಳಬೇಕೆಂದು ಸರಕಾರಿ ವಕೀಲರು ಮುರಿಗೆಪ್ಪನಿಗೆ ಹಿಂದಿನ ದಿನವೇ ಬಾಯಿಪಾಠ ಮಾಡಿಸಿದ್ದರು. ಕಟಕಟೆಯಲ್ಲಿ ನಿಂತ ಗನಿಸಾಬ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದ. ಮುರಿಗೆಪ್ಪ ಅವನ ಪಾದ ನೋಡಿದ. ಆಮೇಲೆ ಮ್ಯಾಜಿಸ್ಟ್ರೇಟರ ಕಡೆ ತಿರುಗಿ, ತನಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ ಹೇಳಿದ: ಮೊದಲು ಹೊಡೆದವನು ನಾನು. ಇವನ ಮಗಳ ಬೆನ್ನ ಮೇಲೆ ಮೊಣಕಾಲೂರಿ ಅವಳ ಎಲುಬು ಕಿತ್ತು ಬರುವ ತನಕ ಒತ್ತಿದೆ. ಬಿದ್ದವಳ ಕೆನ್ನೆಗೂ ಹೊಡೆದೆ. ಪೊಲೀಸರಿಗೆ ಇದನ್ನು ಹೇಳಲಿಲ್ಲ, ಮುಚ್ಚಿಟ್ಟೆ.

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ಬೀಬೀಜಾನ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ವರ್ಷದ ಸನ್ನಡತೆಗೆ ಮುಚ್ಚಳಿಕೆ ಬರೆಸಿಕೊಂಡು ಗನಿಸಾಬನನ್ನು ಬಿಟ್ಟುಬಿಟ್ಟರು.

ಹೊರಗೆ ಮುರಿಗೆಪ್ಪ ಕೈ ಜೋಡಿಸಿ ಅವನ ಎದುರು ಹೋದ. ಗನಿಸಾಬ ಅವನ ಕಾಲರು ಹಿಡಿದು ಗೋಡೆಗೆ ದೂಡಿದ.

"ನಿನ್ನ ಮಾಫಿ ನನಗ ನಕ್ಕೋ. ನನ್ನ ಮಗಳು ಓಡತಿದ್ಳು, ಗೊತ್ತೈತೇನ? ಇನ್ನೊಂದ ಕೂಸಿನ ಮ್ಯಾಲ ಕೈ ಮಾಡೀದಿ ಅಂತ ನನ್ನ ಕಿವಿಗೆ ಬಿತ್ತಂದ್ರ, ಈ ಮುಚ್ಚಳಿಕಿ ಹರದ ಒಗದ ಬರ್ತೀನಿ. ಆವಾಗ ಬರೇ ಕೈ ಮುರದ ಬಿಡಾಂಗಿಲ್ಲ."

ವಾರದೊಳಗೆ ಶಾಲೆಯ ಆಡಳಿತ ಮಂಡಳಿ ಮುರಿಗೆಪ್ಪನನ್ನು ಕೆಲಸದಿಂದ ತೆಗೆಯಿತು. ಪತ್ರ ಕೊಡುವಾಗ ಇಂದ್ರಾಬಾಯಿ ತಲೆ ಎತ್ತಲಿಲ್ಲ. "ಆ ಸಾಲು ಛಂದ ಕಾಣ್ತದ ಅಂತ ಹೇಳಿದಾಕಿ ನಾನ. ನೀವು ಕೋರ್ಟಿನ್ಯಾಗ ನನ್ನ ಹೆಸರ ಹೇಳಲಿಲ್ಲ" ಎಂದರು. ಅವನು ಪತ್ರ ಮಡಚಿ ಕಿಸೆಗಿಟ್ಟುಕೊಂಡು ಹೊರಗೆ ಬಂದ.

ಒಂದೂವರೆ ವರ್ಷ ಅವನು ಬಾಂದ್ರಾದ ಒಂದು ಗೋದಾಮಿನಲ್ಲಿ ಕಾವಲುಗಾರನಾಗಿದ್ದ. ಆಮೇಲೆ ಚನ್ನವ್ವನ ಗಂಡ, ದಹಿಸರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಈರಣ್ಣ, ಅಲ್ಲಿಯ ಸಣ್ಣ ಕನ್ನಡ ಶಾಲೆಗೆ ಅವನನ್ನು ಸೇರಿಸಿದ. ತಗಡಿನ ಶೆಡ್ಡು, ಮುಂದೆ ಮಣ್ಣಿನ ಬಯಲು. ಈರಣ್ಣ ಕಮಿಟಿಯವರಿಗೆ ಏನನ್ನೂ ಮುಚ್ಚಿಡಲಿಲ್ಲ. ಕಾಶವ್ವ ಅಕ್ಕನ ಮನೆಯಲ್ಲೇ ಇದ್ದಳು. ಭಾನುವಾರಕ್ಕೊಮ್ಮೆ ರೊಟ್ಟಿ ಕಟ್ಟಿಕೊಂಡು ಅವನ ಖೋಲಿಗೆ ಬರುವಳು. ಹೊಸ್ತಿಲಲ್ಲಿ ಕುಳಿತು ನಾಲ್ಕು ಮಾತಾಡಿ ಎದ್ದುಹೋಗುವಳು. ನೂರಜಹಾನಳ ಸುದ್ದಿಯನ್ನೂ ಅವಳೇ ತರುತ್ತಿದ್ದಳು. ಹುಡುಗಿ ಕೋಲು ಬಿಟ್ಟಿದ್ದಾಳೆ, ನಡೆಯುತ್ತಾಳೆ. ಬಸ್ಸು ಹಿಡಿಯಲು ಓಡಲಾಗುವುದಿಲ್ಲ.

ಹೊಸ ಶಾಲೆಯಲ್ಲಿ ಅವನು ಬೆತ್ತ ಹಿಡಿಯಲಿಲ್ಲ. ಮಕ್ಕಳು ಬಂದ ಕೂಡಲೇ ಬಯಲಿಗೆ ಎರಡು ಸುತ್ತು ಓಡುವುದು, ಕುಣಿಯುವುದು, ಮೈ ಬೆಚ್ಚಗಾದ ಮೇಲೆ ಕೂರುವುದು. ಎಳೆತ ಬಂದಲ್ಲಿ ನಿಲ್ಲುವುದು, ಇಪ್ಪತ್ತು ಎಣಿಸುವುದು. ಒಬ್ಬರ ಮೈ ಇನ್ನೊಬ್ಬರು ಮುಟ್ಟುವಂತಿಲ್ಲ. ಜಿಗಿದು ಜಿಗಿದು ಬಗ್ಗುವಂತಿಲ್ಲ.

ಒಂದು ದಿನ ಅವನು ಬೆನ್ನು ತಿರುಗಿಸಿದ್ದಾಗ ಶೆಟ್ಟೆಪ್ಪ ಎಂಬ ದಾಂಡಿಗ ಹುಡುಗ ಒಬ್ಬ ಚಿಕ್ಕವನ ಬೆನ್ನೇರಿ ಕೂತು, "ಬಗ್ಗಲೇ, ಬಗ್ಗು!" ಎಂದು ಕುಣಿಯತೊಡಗಿದ. ಚಿಕ್ಕವನು ಕಿರುಚಿದ.

ತಾನು ಹೇಗೆ ಅಲ್ಲಿಗೆ ಹೋದೆನೆಂದು ಮುರಿಗೆಪ್ಪನಿಗೇ ತಿಳಿಯದು. ಎಡಗೈ ಶೆಟ್ಟೆಪ್ಪನ ಕುತ್ತಿಗೆ ಹಿಡಿದಿತ್ತು. ಹುಡುಗನ ಬೆನ್ನು ಶೆಡ್ಡಿನ ತಗಡಿಗೆ ದಡಾರನೆ ಬಡಿಯಿತು. ಅವನ ಕಾಲುಗಳು ನೆಲ ಬಿಟ್ಟು ಒದ್ದಾಡುತ್ತಿದ್ದವು, ಮುಖ ಕೆಂಪಾಗಿ ನೀಲಿಗೆ ತಿರುಗುತ್ತಿತ್ತು. ಹಿಂದೆ ನಲವತ್ತು ಮಕ್ಕಳು ಉಸಿರು ಬಿಡದೆ ನಿಂತಿದ್ದರು. ಆ ನಿಶ್ಶಬ್ದದ ಗುರುತು ಅವನಿಗೆ ಸಿಕ್ಕಿತು. ಬೆರಳು ಸಡಿಲಿಸಿದ. ಹುಡುಗ ಜಾರಿ ಕೂತು ಕೆಮ್ಮತೊಡಗಿದ. ಕುತ್ತಿಗೆಯಲ್ಲಿ ನಾಲ್ಕು ಬೆರಳ ಬರೆ.

ಸಂಜೆ ಅವನು ತಾನೇ ಶೆಟ್ಟೆಪ್ಪನ ಮನೆ ಹುಡುಕಿಕೊಂಡು ಹೋದ. ಹುಡುಗನ ತಂದೆ ಕಟ್ಟೆಯ ಮೇಲೆ ಕೂತಿದ್ದ. ಮುರಿಗೆಪ್ಪ ನಡೆದದ್ದನ್ನು ಒಂದೂ ಬಿಡದೆ ಹೇಳಿ, ಏಟು ಬೀಳುವುದೆಂದು ತಲೆ ತಗ್ಗಿಸಿ ನಿಂತ.

ತಂದೆ ನಕ್ಕ. "ಇಷ್ಟಕ್ಕ ಬಂದ್ರೇನ್ರೀ ಸರ? ಛಲೋ ಮಾಡೀರಿ. ಇನ್ನೂ ನಾಕ ಹಾಕಬೇಕಿತ್ತು. ಹೊಡದ್ರ ಕಲೀತಾವ್ರೀ ಅವು."

"ಕಲಿಯೂದಿಲ್ರೀ" ಎಂದ ಮುರಿಗೆಪ್ಪ. "ನಾನೂ ಕಲೀಲಿಲ್ಲ. ನೀವು ನನಗ ಛಲೋ ಮಾಡೀರಿ ಅನಬ್ಯಾಡ್ರಿ." ಬಾಗಿಲ ಮರೆಯಲ್ಲಿ ನಿಂತಿದ್ದ ಶೆಟ್ಟೆಪ್ಪನ ಕಡೆ ತಿರುಗಿದ. "ನಂದ ತಪ್ಪಾತಪ್ಪಾ. ನೀ ಮಾಡಿದ್ದೂ ತಪ್ಪು, ಖರೆ. ಆದ್ರ ನಂದು ದೊಡ್ಡದು."

ಹುಡುಗ ಕುತ್ತಿಗೆಯ ಬರೆಯ ಮೇಲೆ ಅಂಗೈ ಮುಚ್ಚಿಕೊಂಡ. ತಂದೆಯ ಮುಖ ನೋಡಿದ. ತಂದೆಯ ನಗು ಆರಿತ್ತು.

ಮರುದಿನ ಶೆಟ್ಟೆಪ್ಪ ಸಾಲಿನ ಕೊನೆಗೆ, ಎಲ್ಲರಿಂದ ಎರಡು ಮಾರು ದೂರ ಹೋಗಿ ಕೂತ. ಕುತ್ತಿಗೆಗೆ ಕರವಸ್ತ್ರ ಸುತ್ತಿದ್ದ. ಮುರಿಗೆಪ್ಪ ಹತ್ತಿರ ಹೋಗಲಿಲ್ಲ. ಹುಡುಗ ಅನುಮಾನದಿಂದ ಅವನನ್ನು ನೋಡುತ್ತಲೇ ಕಾಲು ಚಾಚಿ ಮುಂದಕ್ಕೆ ಬಾಗಿದ. ಅವನ ಹಣೆ ಮೊಣಕಾಲಿನಿಂದ ಒಂದು ಗೇಣು ಮೇಲೆ ನಿಂತಿತು.

ಮುರಿಗೆಪ್ಪ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ಇಪ್ಪತ್ತರವರೆಗೆ ಎಣಿಸಿ, "ಸಾಕು, ಏಳ್ರಿ" ಎಂದ.